ಚೇಳಿನ ಗುರುತಿನ ಕಾರು

ಮನೆಯ ವಸ್ತುಗಳಲ್ಲಿ ಮಾರುವುದಕ್ಕೆ ಸುಲಭವಾದುವು ಕೆಲವು, ಕಷ್ಟವಾದುವು ಕೆಲವು. ಹಳೆಯ ವೃತ್ತಪತ್ರಿಕೆಗಳನ್ನು ತೂಕಕ್ಕೆ ಹಾಕುವಾಗ ಯಾರೂ ಎರಡನೆಯ ಸಲ ಯೋಚಿಸುವುದಿಲ್ಲ. ಚಿನ್ನವನ್ನು ಮಾರುವಾಗ ಮನಸ್ಸಿಗೆ ನೋವಾದರೂ ಅದರ ಬೆಲೆಯನ್ನು ಪೇಟೆಯೇ ಗೊತ್ತುಮಾಡಿರುತ್ತದೆ. ಅಕ್ಕಸಾಲಿಗನ ತಕ್ಕಡಿಯ ಮುಂದೆ ನಮ್ಮ ಮಾತಿಗೆ ಎಡೆಯಿಲ್ಲ. ಆದರೆ ಒಂಬತ್ತು ವರ್ಷ ಸ್ವಂತ ಕೈಯಿಂದ ನಡೆಸಿ, ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿ, ಮಳೆಗಾಲದಲ್ಲಿ ಒರಸಿ, ಬೇಸಗೆಯಲ್ಲಿ ನೆರಳು ಹುಡುಕಿ ನಿಲ್ಲಿಸಿ ಕಾಪಾಡಿಕೊಂಡ ಕಾರನ್ನು ದಲ್ಲಾಳಿಯ ಸಹಾಯವಿಲ್ಲದೆ ಮನೆಯ ಬಾಗಿಲಿನಲ್ಲಿಯೇ ಮಾರುವುದೆಂದರೆ ಅದು ಬೇರೆಯೇ ಬಗೆಯ ವ್ಯವಹಾರ. ಅದರಲ್ಲಿ ಅರ್ಧ ಲೆಕ್ಕ, ಅರ್ಧ ಸಂಕೋಚ. 2025ರ ಬೇಸಗೆಯಲ್ಲಿ ಅಮೃತಹಳ್ಳಿಯ ನಮ್ಮ ಮನೆಯಲ್ಲಿ ನಡೆದ ಇಂಥ ಒಂದು ವ್ಯವಹಾರದ ಸಂಗತಿಯನ್ನು ಓದುವ ಸೋದರ ಸೋದರಿಯರ ಮುಂದೆ ಇಡುತ್ತೇನೆ. ಕಾರು ಮಾರುವ ಪ್ರಸಂಗ ಈಗ ಯಾವ ಸಂಸಾರಕ್ಕಾದರೂ ಬರತಕ್ಕದ್ದೇ ಆದುದರಿಂದ ಒಬ್ಬಿಬ್ಬರಿಗಾದರೂ ಇದು ಉಪಯೋಗಕ್ಕೆ ಬರಬಹುದು.

ಮೊದಲು ಕಾರಿನ ಪರಿಚಯ. ಅದು 2016ರ ಮೊದಲ ತಿಂಗಳುಗಳಲ್ಲಿ ಕೊಂಡ ಫಿಯಟ್ ಅಬಾರ್ತ್ ಪುಂಟೋ. ನೋಡುವುದಕ್ಕೆ ಐದು ಜನ ಕುಳಿತುಕೊಳ್ಳುವ, ಹಿಂದಿನ ಬಾಗಿಲನ್ನು ಮೇಲಕ್ಕೆತ್ತುವ ಸಾಮಾನ್ಯವಾದ ಸಣ್ಣ ಕಾರು. ಬಿಳಿಯ ಬಣ್ಣ, ಪಕ್ಕದಲ್ಲಿ ಕೆಂಪು ಪಟ್ಟಿ. ಒಳಗೆ ಮಾತ್ರ 1.4 ಲೀಟರಿನ ಎಂಜಿನು 145 ಕುದುರೆಗಳ ಬಲವನ್ನು ಇಟ್ಟುಕೊಂಡಿದ್ದಿತು. ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿಯಲ್ಲಿ (ಅದನ್ನು ಜನರು ಕಡೆಯವರೆಗೂ ಫಿಯಟ್ ಎಂದೇ ಕರೆಯುತ್ತಿದ್ದರು) ಇದ್ದ ಕುದುರೆಗಳ ಸಂಖ್ಯೆ ನಲವತ್ತರ ಆಸುಪಾಸು. ಇಷ್ಟು ಸಣ್ಣ ಎಂಜಿನಿಗೆ ಅಷ್ಟು ಬಲ ಹೇಗೆ ಬಂದಿತೆಂದು ಕೇಳಿದರೆ, ಕಮ್ಮಾರನ ಕುಲುಮೆಯನ್ನು ನೆನೆದುಕೊಳ್ಳಬೇಕು. ತಿದಿಯನ್ನೊತ್ತಿ ಗಾಳಿ ತುಂಬಿದಷ್ಟೂ ಕೆಂಡ ಕೆರಳುವುದಷ್ಟೆ? ಹಾಗೆಯೇ ಎಂಜಿನಿನಿಂದ ಹೊರಕ್ಕೆ ಹೋಗುವ ಹೊಗೆಯ ರಭಸವು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿಗೆ ಸೇರಿದ ಇನ್ನೊಂದು ಚಕ್ರವು ಹೊಸ ಗಾಳಿಯನ್ನು ಒಳಕ್ಕೆ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಪೆಟ್ರೋಲು ಉರಿಯುತ್ತದೆ, ಬಲ ಹೆಚ್ಚುತ್ತದೆ. ಟರ್ಬೊ ಎಂಬುದು ಇಷ್ಟೇ.

ಇಂಥ ಕಾರುಗಳಿಗೆ ಹಾಟ್ ಹ್ಯಾಚ್ ಎಂದು ಹೆಸರು. ಕನ್ನಡಕ್ಕೆ ತಿರುಗಿಸಲು ಹೊರಟರೆ ಅಡಿಗೆಮನೆಯ ವಸ್ತುವಿನಂತೆ ಕೇಳಿಸುವುದರಿಂದ ಹಾಗೆಯೇ ಬಿಟ್ಟಿದ್ದೇನೆ. ಸಂಸಾರದ ಕಾರಿಗೆ ಪಂದ್ಯದ ಕಾರಿನ ಎದೆಯನ್ನು ಇಟ್ಟದ್ದು ಎಂದು ತಿಳಿದುಕೊಂಡರೆ ಸಾಕು. ಈ ಜಾತಿಗೆ ಪ್ರಪಂಚದಲ್ಲಿ ಹೆಸರು ತಂದದ್ದು 1976ರಲ್ಲಿ ಮಾರಾಟಕ್ಕೆ ಬಂದ ಜರ್ಮನಿಯ ಗಾಲ್ಫ್ ಜಿ.ಟಿ.ಐ. ನಮ್ಮ ದೇಶದಲ್ಲಿ ಇವು ಎಂದೂ ಹೆಚ್ಚಾಗಿ ಬೆಳೆಯಲಿಲ್ಲ. 2001ರಲ್ಲಿ ಫಿಯಟ್ಟಿನವರ ಪಾಲಿಯೊ ಬಂದಿತು. 2015ರ ಅಕ್ಟೋಬರಿನಲ್ಲಿ ಈ ಅಬಾರ್ತ್ ಪುಂಟೋ. 2016ರಲ್ಲಿ ಪೋಲೊ ಜಿ.ಟಿ.ಐ., ಅದರ ಬೆಲೆ ಇಪ್ಪತ್ತೈದು ಲಕ್ಷವನ್ನು ದಾಟಿದ್ದಿತು. 2018ರಲ್ಲಿ ಟಾಟಾ ಟಿಯಾಗೋದ ಜೆ.ಟಿ.ಪಿ. ನಮಗೆ ಮೈಲಿ ಎಷ್ಟು ಕೊಡುತ್ತದೆ ಎಂಬ ಪ್ರಶ್ನೆಯೇ ಮೊದಲನೆಯದು. ಅದು ನ್ಯಾಯವಾದ ಪ್ರಶ್ನೆಯೇ ಸರಿ. ಆ ಪ್ರಶ್ನೆಯನ್ನು ಕೇಳದೆ ಕೊಳ್ಳತಕ್ಕವರು ಕೆಲವರೇ ಇರುವುದರಿಂದ ಈ ಕಾರುಗಳು ಬಂದಂತೆಯೇ ಹೋದುವು.

ಒಬ್ಬ ಭೌತಶಾಸ್ತ್ರದ ಉಪಾಧ್ಯಾಯಿನಿಗೆ ಇಂಥ ಕಾರು ಏತಕ್ಕೆ ಎಂದು ನೆಂಟರಿಷ್ಟರೆಲ್ಲರೂ ಕೇಳಿದರು. ನಾನು ಆಗ ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆನು. ವಾರಕ್ಕೆ ಎರಡು ದಿನ, ಪ್ರಯೋಗಶಾಲೆಯ ಕೆಲಸ ಮುಗಿಯುವುದು ತಡವಾಗುವ ದಿನಗಳಲ್ಲಿ, ಕಾರಿನಲ್ಲಿಯೇ ಹೋಗಿಬರುತ್ತಿದ್ದೆನು. ದೇವನಹಳ್ಳಿಯನ್ನು ದಾಟಿದ ಮೇಲೆ ಕಲ್ಲು ತುಂಬಿದ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡು, ಮುಂದೆ ಹೋಗಬೇಕಾದಾಗ ಕಾರಿನಲ್ಲಿ ಉಸಿರಿಲ್ಲದೆ ಅರ್ಧದಾರಿಯಲ್ಲಿ ನಿಂತಂತಾಗುವ ಭಯ ಎಂಥದೆಂದು ಹಳೆಯ ಕಾರಿನಲ್ಲಿ ಕಂಡಿದ್ದೆನು. ಈ ಕಾರಿನಲ್ಲಿ ಆ ಭಯವಿರಲಿಲ್ಲ. ಇಷ್ಟು ಸಮಾಧಾನವನ್ನು ಇತರರಿಗೆ ಹೇಳುತ್ತಿದ್ದೆನು. ನಿಜವಾಗಿ ನೋಡಿದರೆ, ಆ ಕಾರು ನನಗೆ ಬಹಳ ಇಷ್ಟವಾಗಿದ್ದಿತು, ಅದಕ್ಕಾಗಿ ಕೊಂಡೆನು. ಗಂಡಸರು ಕೊಂಡಾಗ ಯಾರೂ ಕಾರಣವನ್ನು ಕೇಳುವುದಿಲ್ಲ.

ಕಾರಿನ ಮುಂಭಾಗದಲ್ಲಿಯೂ ಚಕ್ರಗಳ ನಡುವೆಯೂ ಒಂದೊಂದು ಚೇಳು. ಅದು ಅಬಾರ್ತ್ ಸಂಸ್ಥೆಯ ಗುರುತು. ಆ ಸಂಸ್ಥೆಯನ್ನು 1949ರಲ್ಲಿ ಇಟಲಿಯಲ್ಲಿ ಸ್ಥಾಪಿಸಿದ ಕಾರ್ಲೊ ಅಬಾರ್ತ್ ಎಂಬಾತನು ಹುಟ್ಟಿದ್ದು ವಿಯೆನ್ನಾದಲ್ಲಿ, 1908ರ ನವೆಂಬರ್ 15ರಲ್ಲಿ. ಪಾಶ್ಚಾತ್ಯರ ಲೆಕ್ಕದಲ್ಲಿ ಅವನದು ವೃಶ್ಚಿಕರಾಶಿ, ಅದರಿಂದ ಚೇಳು. ಕಾರು ಮನೆಗೆ ಬಂದ ದಿನ ನಮ್ಮ ಅತ್ತೆಯವರು ಆರತಿಯ ತಟ್ಟೆಯನ್ನು ಹಿಡಿದು ಹೊರಕ್ಕೆ ಬಂದವರು ಅದನ್ನು ಕಂಡು ಹಾಗೆಯೇ ನಿಂತುಬಿಟ್ಟರು. "ಚೇಳನ್ನು ಯಾರಾದರೂ ಅಂಗಳಕ್ಕೆ ಕರೆದುಕೊಂಡು ಬರುತ್ತಾರೇನಮ್ಮ?" ಎಂದರು. ನಾನು ರಾಶಿಯ ವಿಷಯವನ್ನು ಹೇಳಿದೆನು. ಅವರು ಕೂಡಲೆ, "ಯಾವ ನಕ್ಷತ್ರ?" ಎಂದು ಕೇಳಿದರು. ನಮ್ಮಲ್ಲಿ ರಾಶಿಯನ್ನು ಚಂದ್ರನಿಂದ ಹೇಳುವುದು, ಅವರಲ್ಲಿ ಸೂರ್ಯನಿಂದ ಹೇಳುವುದು. ಈ ಭೇದವನ್ನು ವಿವರಿಸಿದ ಮೇಲೆ, "ಹಾಗಾದರೆ ಅದು ಅವನ ರಾಶಿಯೇ ಅಲ್ಲ" ಎಂದು ತೀರ್ಮಾನಮಾಡಿ, ಚೇಳಿನ ಮೇಲೆಯೇ ಕುಂಕುಮವನ್ನಿಟ್ಟರು. ಆ ಮೇಲೆ ಒಂಬತ್ತು ವರ್ಷವೂ ಆಯುಧಪೂಜೆಯಲ್ಲಿ ಕುಂಕುಮವು ಅಲ್ಲಿಗೇ ಬೀಳುತ್ತಿದ್ದಿತು.

ಮಾರಬೇಕಾಗಿ ಬಂದುದಕ್ಕೆ ಕಾರಣ ನನ್ನ ಎಡಮಂಡಿ. 2022ರಲ್ಲಿ ನಿವೃತ್ತಿಯಾದಂದಿನಿಂದ ನೋವು ಹೆಚ್ಚುತ್ತಾ ಬಂದಿತು. ಈ ಕಾರಿನ ಕ್ಲಚ್ಚು ಸ್ವಲ್ಪ ಗಡುಸು. ಹೆಬ್ಬಾಳದ ಮೇಲುಸೇತುವೆಯ ಬಳಿ ಸಂಜೆಯ ಹೊತ್ತು ಆಮೆಯ ನಡಿಗೆಯಲ್ಲಿ ಸಾಗುವಾಗ ಆ ಕ್ಲಚ್ಚನ್ನು ಎಷ್ಟು ಸಲ ಒತ್ತಬೇಕಾಗುವುದೆಂದು ಒಂದು ದಿನ ಎಣಿಸಿದೆನು. ನೂರ ನಲವತ್ತನ್ನು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆನು. ಮಂಡಿಯ ಕೀಲನ್ನೇ ಬದಲಾಯಿಸಬೇಕೆಂದು ವೈದ್ಯರು ಹೇಳಿದರು. ವಿಮೆಯವರು ಕೊಡತಕ್ಕ ಭಾಗವು ಹೋಗಿ ಉಳಿದುದಕ್ಕೂ, ಆ ಮೇಲಿನ ಆರೈಕೆಗೂ, ಅತ್ತೆಯವರ ಔಷಧೋಪಚಾರಕ್ಕೂ ಕೈಯಲ್ಲಿ ಹಣವಿರಬೇಕಾಗಿದ್ದಿತು. ನಡೆಸಲಾಗದ ಕಾರು ಅಂಗಳದಲ್ಲಿ ನಿಂತಿದ್ದಿತು. ಇದರಲ್ಲಿ ಯೋಚಿಸತಕ್ಕದ್ದು ಹೆಚ್ಚಾಗಿ ಇರಲಿಲ್ಲ.

ಬೆಲೆಯನ್ನು ಗೊತ್ತುಮಾಡುವುದು ಸುಲಭವಾಗಲಿಲ್ಲ. ಹೊಸತಾಗಿ ಬಂದಾಗ ಅಂಗಡಿಯ ಬೆಲೆಯೇ ಹತ್ತು ಲಕ್ಷಕ್ಕೆ ಐದು ಸಾವಿರ ಕಡಮೆ. ಕರ್ನಾಟಕದಲ್ಲಿ ಆ ಬೆಲೆಯ ಕಾರಿಗೆ ಆಜೀವ ತೆರಿಗೆ ಶೇಕಡ 14, ಅದರ ಮೇಲೆ ಉಪಕರ ಬೇರೆ. ದೇಶದಲ್ಲಿ ಅತಿ ಹೆಚ್ಚಿನ ತೆರಿಗೆ ತೆರುವವರ ಸಾಲಿನಲ್ಲಿ ನಾವಿದ್ದೇವೆ. ಈ ತೆರಿಗೆಯಿಂದ ಮಾರುವವನಿಗೆ ಒಂದು ಅನುಕೂಲವುಂಟು. ಅದು ಕಾರಿನ ಜೊತೆಯಲ್ಲಿಯೇ ಹೋಗುವುದರಿಂದ, ಕೊಳ್ಳುವವರು ಇದೇ ರಾಜ್ಯದವರಾದರೆ ಮತ್ತೆ ಕಟ್ಟಬೇಕಾಗಿಲ್ಲ. ನೋಂದಣಿಯೂ 2031ರವರೆಗೆ ಇದ್ದಿತು. ಇನ್ನೊಂದು ಕಡೆಯಲ್ಲಿ, ಈ ಕಾರಿನ ತಯಾರಿಕೆಯು ನಿಂತುಹೋಗಿದೆ; ಭಾರತ್ ಹಂತ 6ರ ಹೊಗೆಯ ನಿಯಮಗಳು 2020ರ ಏಪ್ರಿಲ್ 1ರಂದು ಜಾರಿಗೆ ಬರುವುದಕ್ಕೆ ಮೊದಲೇ ನಿಂತಿತು. ಬಿಡಿಭಾಗಗಳಿಗಾಗಿ ಊರೂರು ಹುಡುಕಬೇಕಾದ ಕಾರಿಗೆ ಬೆಲೆ ಇಳಿಯಬೇಕಷ್ಟೆ? ಆದರೆ ಬೇರೆಲ್ಲಿಯೂ ದೊರೆಯದ ವಸ್ತುವೆಂಬ ಕಾರಣದಿಂದಲೇ ಅದನ್ನು ಬಯಸುವವರೂ ಇದ್ದರು. ಎರಡನ್ನೂ ತೂಗಿನೋಡಿ ಐದು ಮುಕ್ಕಾಲು ಲಕ್ಷವೆಂದು ನಿರ್ಧರಿಸಿ ಪ್ರಕಟಣೆ ಕೊಟ್ಟೆವು.

ಅದಕ್ಕೆ ಮೊದಲು ನಾನು ಒಂದು ಹಾಳೆಯಲ್ಲಿ ಕಾರಿನ ಗುಣದೋಷಗಳನ್ನು ಬರೆದಿಟ್ಟೆನು. ಓಡಿದ್ದು 68,400 ಕಿಲೋಮೀಟರು. ಟೈಮಿಂಗ್ ಬೆಲ್ಟು 2021ರಲ್ಲಿ ಹೊಸದು. ಅದು ಹರಿದರೆ ಎಂಜಿನಿನ ಒಳಭಾಗವೇ ಹಾಳಾಗುವುದರಿಂದ ಆ ರಸೀತಿಯನ್ನು ಮೇಲೆಯೇ ಇಟ್ಟೆನು. ಟೈರುಗಳು 2022ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುವು. ಇದು ಟೈರಿನ ಪಕ್ಕದಲ್ಲಿಯೇ ನಾಲ್ಕು ಅಂಕೆಗಳಲ್ಲಿ ಅಚ್ಚಾಗಿರುತ್ತದೆ, ಮೊದಲೆರಡು ವಾರ, ಕಡೆಯೆರಡು ವರ್ಷ. ಎಡಗಡೆಯ ಹಿಂದಿನ ಬಾಗಿಲಿಗೆ ಯಾರೋ ಸ್ಕೂಟರಿನವರು ತಗುಲಿಸಿಹೋದ ಕಾರಣ ಒಮ್ಮೆ ಬಣ್ಣ ಹೊಡೆಸಿದೆ. ಬಿಸಿಲಿನಲ್ಲಿ ನೋಡಿದರೆ ಒಂದು ಛಾಯೆ ವ್ಯತ್ಯಾಸ ಕಾಣುತ್ತದೆ. ಇದನ್ನೂ ಬರೆದೆನು. "ಇದನ್ನೇಕೆ ಬರೆಯುತ್ತೀಯೆ? ಕೇಳಿದರೆ ಹೇಳಿದರಾಯಿತು" ಎಂದರು ನಮ್ಮ ಮನೆಯವರು. ಕೇಳದವನು ಆರು ತಿಂಗಳ ಮೇಲೆ ಬಿಸಿಲಿನಲ್ಲಿ ನಿಂತು ನೋಡಿ ನಮ್ಮನ್ನು ಏನೆಂದುಕೊಳ್ಳುವನು ಎಂಬುದೇ ನನ್ನ ಯೋಚನೆ.

ಪ್ರಕಟಣೆ ಬಂದ ದಿನದಿಂದ ದೂರವಾಣಿಯು ಬಿಡುವಿಲ್ಲದೆ ಕರೆಯಿತು. ಹತ್ತರಲ್ಲಿ ಏಳು ಜನ ಕಾರನ್ನು ನೋಡದೆ, ಹೆಸರನ್ನೂ ಹೇಳದೆ, "ಕಡೆಯ ರೇಟು ಹೇಳಿ" ಎಂಬುದರಿಂದ ಆರಂಭಿಸಿದರು. ಉಳಿದವರಲ್ಲಿ ಇಬ್ಬರು, "ಮೇಡಂ, ಗಾಡಿ ವಿಷಯ, ಯಜಮಾನರಿಗೆ ಫೋನು ಕೊಡ್ತೀರಾ?" ಎಂದರು. ಕೊಟ್ಟೆನು. ನಮ್ಮ ಮನೆಯವರಿಗೆ ಕಾರು ನಡೆಸಲು ಬಾರದು. ಒಂಬತ್ತು ವರ್ಷವೂ ಎಡಗಡೆಯ ಆಸನದಲ್ಲಿ ಕುಳಿತು ಹಳ್ಳಕೊಳ್ಳಗಳನ್ನು ಎಚ್ಚರಿಸುತ್ತಾ ಬಂದವರು. ಅವರು ಬಹು ಗಂಭೀರವಾಗಿ, "ಗಾಡಿಯ ಯಜಮಾನರು ಈಗ ನಿಮ್ಮ ಸಂಗಡ ಮಾತನಾಡುತ್ತಿದ್ದವರೇ" ಎಂದು ಹೇಳಿ ದೂರವಾಣಿಯನ್ನು ನನಗೇ ಹಿಂದಕ್ಕೆ ಕೊಟ್ಟರು.

ನೋಡಲು ಬಂದವರನ್ನು ಕಂಡು ನನಗೆ ನಮ್ಮ ತಾತನವರ ನೆನಪು ಬಂದಿತು. ಅವರು ಹಳ್ಳಿಕಾರ್ ಎತ್ತುಗಳನ್ನು ಸಾಕಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಮಾರುತ್ತಿದ್ದರು. ಅಲ್ಲಿ ಗಿರಾಕಿಯು ಮೊದಲು ಎತ್ತಿನ ಬಾಯಿ ತೆರೆಸಿ ಹಲ್ಲುಗಳನ್ನು ಎಣಿಸುವನು, ಆ ಮೇಲೆ ಮೈಮೇಲಿನ ಸುಳಿಗಳನ್ನು ಹುಡುಕುವನು, ಆ ಮೇಲೆ ನಡೆಸಿನೋಡುವನು. ಕಡೆಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ನಮ್ಮ ಅಂಗಳದಲ್ಲಿಯೂ ಅದೇ ಕ್ರಮ ನಡೆಯಿತು. ಹಲ್ಲಿನ ಬದಲು ಟೈರಿನ ಗೀರು, ಸುಳಿಯ ಬದಲು ಬಣ್ಣದ ಛಾಯೆ. ಟವೆಲು ಮಾತ್ರ ಇರಲಿಲ್ಲ. ಎಣ್ಣೆಯ ಮುಚ್ಚಳವನ್ನು ತೆಗೆದು ಮೂಸಿದವರುಂಟು, ನೆಲಗಂಬಳಿಯನ್ನು ಎತ್ತಿ ತೇವವನ್ನು ನೋಡಿದವರುಂಟು. ಒಬ್ಬಾತನು ಶೇಕಡ ಇಪ್ಪತ್ತು ಎಥನಾಲ್ ಬೆರೆಸಿದ ಪೆಟ್ರೋಲಿನ ವಿಷಯವನ್ನೆತ್ತಿ, 2023ರ ಏಪ್ರಿಲ್‌ಗೆ ಹಿಂದಿನ ಕಾರಿನ ರಬ್ಬರು ಕೊಳವೆಗಳು ಅದನ್ನು ತಾಳುವುವೇ ಎಂದು ಕೇಳಿದನು. ಬಹಳ ಒಳ್ಳೆಯ ಪ್ರಶ್ನೆ. ಕೊಳವೆಗಳನ್ನು ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕೆಂದು ಹೇಳಿದೆನು. ಓಡಿಸಿನೋಡುವಾಗ ಪಕ್ಕದಲ್ಲಿ ನಾನೇ ಕುಳಿತುಕೊಳ್ಳುತ್ತಿದ್ದೆನು. ಮೊದಲು ಚಾಲಕನ ಪರವಾನಗಿಯನ್ನು ನೋಡುವುದು, ಆ ಮೇಲೆ ಬೀಗದಕೈ ಕೊಡುವುದು. ಬ್ಯಾಟರಾಯನಪುರದ ತಿರುವಿನವರೆಗೆ ಹೋಗಿ ಜಕ್ಕೂರಿನ ಕಡೆಯಿಂದ ಬರುವುದು. ಅಷ್ಟು ದೂರದಲ್ಲಿ ಒಬ್ಬ ಮನುಷ್ಯನ ಸ್ವಭಾವ ಎಷ್ಟು ತಿಳಿಯುವುದೆಂಬುದು ನನಗೇ ಆಶ್ಚರ್ಯ. ಈ ಕಾರಿನ ಹೊಟ್ಟೆಗೂ ನೆಲಕ್ಕೂ 155 ಮಿಲಿಮೀಟರಿನ ಅಂತರ. ನಮ್ಮ ಬೀದಿಯ ಹಂಪುಗಳೋ ಒಂದೊಂದೂ ಒಂದೊಂದು ಬೆಟ್ಟ. ಹಂಪನ್ನು ಕಂಡು ನಿಧಾನಿಸುವವನು ಬೇರೆ, ಪರರ ಕಾರೆಂದು ಹಾರಿಸುವವನು ಬೇರೆ.

ನಾಲ್ಕನೆಯ ದಿನ ಆರ್.ಟಿ. ನಗರದ ಕಡೆಯಿಂದ ಒಬ್ಬ ದಲ್ಲಾಳಿಯು ಬಂದನು. ವಿನಯವಾದ ಮಾತು, ಕೈಯಲ್ಲಿ ಚೀಲ. ಐದು ಲಕ್ಷ ಅರವತ್ತು ಸಾವಿರ, ಈಗಲೇ, ಪೂರ್ತಿ ನಗದು ಎಂದನು. ಪ್ರತಿಯಾಗಿ ನಾನು 29 ಮತ್ತು 30ನೆಯ ನಮೂನೆಗಳಿಗೆ ರುಜುಹಾಕಿ, ಕೊಳ್ಳುವವರ ಹೆಸರನ್ನು ಖಾಲಿ ಬಿಟ್ಟು ಕೊಡಬೇಕು. "ಗಿರಾಕಿ ಸಿಕ್ಕ ಮೇಲೆ ಅವರ ಹೆಸರಿಗೆ ನೇರವಾಗಿ ಮಾಡಿಸಿಬಿಡುತ್ತೇನಮ್ಮ. ಎಲ್ಲರೂ ಹೀಗೆಯೇ ಮಾಡುವುದು" ಎಂದನು. ಎಲ್ಲರೂ ಹೀಗೆಯೇ ಮಾಡುವರೆಂಬುದು ನಿಜವಿರಬಹುದು. ಆದುದರಿಂದಲೇ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಕಾರಿನ ಬೀಗದಕೈಯನ್ನು ಕೊಟ್ಟು ಹಣ ಪಡೆದರೆ ಮಾರಾಟವಾಯಿತೆಂದು ನಾವು ತಿಳಿಯುತ್ತೇವೆ. ಮೋಟಾರು ವಾಹನ ಕಾನೂನಿನ ದೃಷ್ಟಿಯಲ್ಲಿ, ನೋಂದಣಿಯ ಪುಸ್ತಕದಲ್ಲಿ ಯಾರ ಹೆಸರಿರುವುದೋ ಅವರೇ ಒಡೆಯರು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಅಲ್ಲಿ ಮೊದಲನೆಯ ಒಡೆಯನು ಕಾರನ್ನು 2007ರಲ್ಲಿಯೇ ಮಾರಿದ್ದನು. ಅದು ಕೈಯಿಂದ ಕೈಗೆ ಹೋಯಿತು. ಹೆಸರು ಮಾತ್ರ ಬದಲಾಗಲಿಲ್ಲ. 2009ರಲ್ಲಿ ಆ ಕಾರಿನಿಂದ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರದ ಹೊಣೆ ಪುಸ್ತಕದಲ್ಲಿ ಹೆಸರಿದ್ದ ಮೊದಲಿನವನ ಮೇಲೆಯೇ ಬಂದಿತು. ಎರಡು ವರ್ಷದ ಹಿಂದೆ ಮಾರಿ ಮರೆತಿದ್ದವನ ಮನೆಯಲ್ಲಿ ಆ ದಿನ ಹೇಗಿದ್ದಿರಬಹುದು! ಮಾರಿದವರು ಹದಿನಾಲ್ಕು ದಿನಗಳೊಳಗೆ ಕಚೇರಿಗೆ ತಿಳಿಸಬೇಕು, ಕೊಂಡವರು ಮೂವತ್ತು ದಿನಗಳೊಳಗೆ ಅರ್ಜಿ ಹಾಕಬೇಕು ಎಂಬ ನಿಯಮವನ್ನು ಮಾಡಿರುವುದು ಇದಕ್ಕಾಗಿಯೇ. ಇನ್ನು ನಗದಿನ ಮಾತು: ಒಂದು ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟು ನಗದನ್ನು ಪಡೆಯುವುದಕ್ಕೆ 2017ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ಕಾನೂನು ಅಡ್ಡಬಂದಿದೆ. ಪಡೆದವರಿಗೇ ದಂಡ. ದಲ್ಲಾಳಿಗೆ ಮಜ್ಜಿಗೆ ಕೊಟ್ಟು ಕಳುಹಿಸಿದೆವು.

ಆ ಭಾನುವಾರ ಬಂದವರು ಬಾಗಲೂರಿನ ಕಡೆಯ ಒಬ್ಬ ಗೃಹಸ್ಥರು, ಜೊತೆಯಲ್ಲಿ ಮಗ. ತಂದೆಯವರು ಭೂಮಿಯ ಮೂಲಕ ಅನುಕೂಲವಂತರಾದವರು, ಬಹಳ ಸರಳವಾದ ಮನುಷ್ಯರು. ಅಂಗಳದಲ್ಲಿ ಚಪ್ಪಲಿ ಬಿಟ್ಟು ಒಳಕ್ಕೆ ಬಂದು ಅತ್ತೆಯವರಿಗೆ ನಮಸ್ಕಾರ ಮಾಡಿದರು. ಹುಡುಗನು ಕಾರಿನ ಸುತ್ತ ಮೂರು ಸಲ ತಿರುಗಿದನು. ಅವನಿಗೆ ಅದರ ವಿಷಯ ನನಗಿಂತ ಹೆಚ್ಚಾಗಿ ತಿಳಿದಿದ್ದಿತು. ನಿಂತಲ್ಲಿಂದ ನೂರು ಕಿಲೋಮೀಟರು ವೇಗಕ್ಕೆ ಎಂಟು ಮುಕ್ಕಾಲು ಸೆಕೆಂಡು ಎಂದನು. ಎಂಜಿನಿನ ಗಣಕಕ್ಕೆ ಬೇರೆಯ ಲೆಕ್ಕವನ್ನು ತುಂಬಿಸಿದರೆ ಅದಕ್ಕಿಂತಲೂ ಕಡಮೆಯಾಗುವುದೆಂದೂ ಹೇಳಿದನು. ಶನಿವಾರ ರಾತ್ರಿ ಅವನ ಗೆಳೆಯರು ವಿಮಾನನಿಲ್ದಾಣದ ರಸ್ತೆಗೆ ಹೋಗುವರಂತೆ, ಬೆಳಗಿನ ಜಾವಕ್ಕೆ ನಂದಿ. ಇದನ್ನು ಅವನು ಮುಚ್ಚುಮರೆಯಿಲ್ಲದೆ, ಹಬ್ಬದ ಸುದ್ದಿಯಂತೆ ಹೇಳಿದನು. ತಂದೆಯವರು ಒಂದು ರೂಪಾಯಿಯನ್ನೂ ಕಡಮೆ ಕೇಳಲಿಲ್ಲ. ಐದು ಮುಕ್ಕಾಲು ಲಕ್ಷ, ಸೋಮವಾರ ಬ್ಯಾಂಕಿನ ಮೂಲಕ, ಹೆಸರಿನ ಬದಲಾವಣೆ ಅವರ ಖರ್ಚಿನಲ್ಲಿ.

"ಪರವಾನಗಿ ಯಾರ ಹತ್ತಿರ ಇದೆ?" ಎಂದು ಕೇಳಿದೆನು.

"ನನ್ನದಿದೆ ತಾಯಿ. ಇವನಿಗೆ ಹದಿನೆಂಟು ತುಂಬಲು ಇನ್ನು ಏಳು ತಿಂಗಳು. ಪಿ.ಯು. ಮುಗಿದರೆ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದೆ."

ಹುಡುಗನ ಮುಖವನ್ನು ನೋಡಿದೆನು. ಮೂವತ್ತೈದು ವರ್ಷ ಅದೇ ವಯಸ್ಸಿನ ಹುಡುಗರಿಗೆ ಪಾಠ ಹೇಳಿದವಳು ನಾನು. ವೇಗವು ಎರಡರಷ್ಟಾದರೆ ಚಲನಶಕ್ತಿಯು ನಾಲ್ಕರಷ್ಟಾಗುವುದೆಂದು, ಬ್ರೇಕು ಹಾಕಿ ನಿಲ್ಲಬೇಕಾದ ದೂರವೂ ಹಾಗೆಯೇ ನಾಲ್ಕರಷ್ಟೆಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ! ಪರೀಕ್ಷೆಯಲ್ಲಿ ಎಲ್ಲರೂ ಸರಿಯಾಗಿಯೇ ಬರೆಯುತ್ತಾರೆ. ಹಾಗೆ ಸರಿಯಾಗಿ ಬರೆದವರಲ್ಲಿ ಒಬ್ಬನು, ನನ್ನ ವಿದ್ಯಾರ್ಥಿಯೇ, ಮಳೆಯ ರಾತ್ರಿಯಲ್ಲಿ ದೇವನಹಳ್ಳಿಯ ಆಚೆ ಹೋಗಿಬಿಟ್ಟನು. ಅವನ ತಾಯಿ ಪ್ರಯೋಗದ ಪುಸ್ತಕವನ್ನು ಕೇಳಿಕೊಂಡು ಕಾಲೇಜಿಗೆ ಬಂದಿದ್ದರು. ಅದರಲ್ಲಿ ಅವನ ಕೈಬರಹ ಇದ್ದುದರಿಂದ.

ನಾನು ತಂದೆಯವರಿಗೆ, ಈಗ ಕೊಡಲಾರೆನೆಂದು ಹೇಳಿದೆನು. ಹದಿನೆಂಟು ತುಂಬದವನು ನಡೆಸಿ ಅಪರಾಧವಾದರೆ 2019ರ ತಿದ್ದುಪಡಿಯ ಮೇಲೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆಮನೆ, ಇಪ್ಪತ್ತೈದು ಸಾವಿರ ದಂಡ ಎಂಬುದನ್ನೂ ತಿಳಿಸಿದೆನು. ಅವರು ಕೋಪಿಸಿಕೊಳ್ಳಲಿಲ್ಲ. "ಏಳು ತಿಂಗಳು ನಾನೇ ಓಡಿಸುತ್ತೇನೆ ತಾಯಿ" ಎಂದರು. ಹುಡುಗನು ನೆಲವನ್ನು ನೋಡುತ್ತಿದ್ದನು. ಏಳು ತಿಂಗಳಾದ ಮೇಲೆ ಆಗುವುದೇನು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲ. ಅವನಿಗೆ ಮೊದಲು ಸಣ್ಣ ಎಂಜಿನಿನ ಕಾರೊಂದನ್ನು ಕೊಡಿಸಿ, ಎರಡು ವರ್ಷ ಕಳೆಯಲಿ ಎಂದು ಮಾತ್ರ ಹೇಳಲು ನನಗೆ ಸಾಧ್ಯವಾಯಿತು.

ಅವರು ಹೋದ ಮೇಲೆ ಮನೆಯಲ್ಲಿ ಮಾತು ಬೆಳೆಯಿತು. ನಮ್ಮ ಮನೆಯವರ ವಾದದಲ್ಲಿ ತಿರುಳಿಲ್ಲದೆ ಇರಲಿಲ್ಲ. "ನೀನು ಕೊಡದಿದ್ದರೆ ಇನ್ನೊಬ್ಬರು ಕೊಡುತ್ತಾರೆ. ಆ ಹುಡುಗ ಇಂದಲ್ಲ ನಾಳೆ ಇಂಥ ಕಾರಿನಲ್ಲಿ ಕೂರುವವನೇ. ನಿನ್ನ ಮಂಡಿಯ ಹಣವನ್ನು ಹಿಂದಿರುಗಿಸಿ ಕಳುಹಿಸಿದೆಯಲ್ಲ!" ಎಂದರು. ಇನ್ನೊಬ್ಬರು ಕೊಟ್ಟರೆ ಕೊಡಲಿ. ಪತ್ರಿಕೆಯಲ್ಲಿ ಬಿಳಿಯ ಕಾರಿನ ಚಿತ್ರ ಬಂದಾಗಲೆಲ್ಲ ಅದರ ಸಂಖ್ಯೆಯನ್ನು ಹುಡುಕುತ್ತಾ ಕೂರುವುದು ನನ್ನಿಂದಾಗದು ಎಂದೆನು. ನನ್ನ ಮಾತು ವಾದವಾಗಲಿಲ್ಲವೆಂಬುದು ನನಗೂ ಗೊತ್ತು. ಅತ್ತೆಯವರು ಇಷ್ಟು ಹೊತ್ತೂ ಜಪಮಣಿಯನ್ನು ಎಣಿಸುತ್ತಿದ್ದವರು, "ಆ ಹುಡುಗನ ತಾಯಿ ಜೊತೆಯಲ್ಲಿ ಬರಲಿಲ್ಲ ನೋಡು. ಅವಳಿಗೆ ಇಷ್ಟವಿಲ್ಲ" ಎಂದರು. ಇದು ನನಗೆ ಹೊಳೆದಿರಲಿಲ್ಲ. ಆ ರಾತ್ರಿ ಮನೆಗೆ ಸುಣ್ಣಬಣ್ಣ ಮಾಡಿಸಲು ಇಟ್ಟಿದ್ದ ಹಣದ ಲೆಕ್ಕವನ್ನು ಮತ್ತೆ ನೋಡಿದೆವು.

ಹದಿನೈದು ದಿನ ಹೇಳಿಕೊಳ್ಳುವಂಥವರು ಯಾರೂ ಬರಲಿಲ್ಲ. ಆ ಮೇಲೆ ಪೀಣ್ಯದಿಂದ ಒಬ್ಬ ಯುವಕನು ಬಂದನು. ಮೂವತ್ತನಾಲ್ಕು ವರ್ಷ, ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ. ಹೆಂಡತಿಯೂ ಎರಡು ವರ್ಷದ ಹೆಣ್ಣುಮಗುವೂ ಜೊತೆಯಲ್ಲಿದ್ದರು. ಅವನು ಮೊದಲು ಹಳೆಯ ಬಟ್ಟೆಯನ್ನು ಕೇಳಿ ಪಡೆದು ನೆಲಕ್ಕೆ ಹಾಸಿ ಕಾರಿನ ಅಡಿಗೆ ಹೋದನು. ಕಾಲುಗಂಟೆ ಅವನ ಪಾದಗಳು ಮಾತ್ರ ಕಾಣುತ್ತಿದ್ದುವು. ಆ ಹೊತ್ತಿನಲ್ಲಿ ಅವನ ಹೆಂಡತಿ ಹಿಂದಿನ ಆಸನದಲ್ಲಿ ಮಗುವನ್ನು ಕೂರಿಸಿ, ಬೆಲ್ಟು ಬಿಗಿಯಾಗುವುದೇ ಎಂದು ಎಳೆದುನೋಡಿದಳು. ಕಿಟಕಿಗಳನ್ನು ಮಗು ತೆರೆಯದಂತೆ ತಡೆಯುವುದು ಹೇಗೆಂದು ಕೇಳಿದಳು. ಅವನು ಮೇಲಕ್ಕೆದ್ದು ಕೈ ಒರಸಿಕೊಂಡು, "ಅಮ್ಮ, ನೀವು ಬರೆದಿರುವುದೆಲ್ಲ ಸರಿ. ಎಡಗಡೆ ಮುಂದಿನ ಲೋವರ್ ಆರ್ಮಿನ ಬುಷ್ಷು ಮಾತ್ರ ಸವೆದಿದೆ. ಅದು ನಿಮ್ಮ ಹಾಳೆಯಲ್ಲಿಲ್ಲ, ಮೇಲಿನಿಂದ ಕಾಣುವುದಿಲ್ಲ" ಎಂದನು. ಬಿಡಿಭಾಗಗಳ ಕಷ್ಟವನ್ನು ನಾನಾಗಿಯೇ ಎತ್ತಿದೆನು. "ಬುಷ್ಷು ಬ್ರಾಕೆಟ್ಟು ಸಿಗದಿದ್ದರೆ ನಾನೇ ಲೇಥಿನಲ್ಲಿ ಮಾಡಿಕೊಳ್ಳುತ್ತೇನೆ. ಟರ್ಬೊ ಮಾತ್ರ ಹುಡುಕಬೇಕು" ಎಂದನು. ನಡೆಸುವಾಗ ನಮ್ಮ ಬೀದಿಯ ಮೊದಲನೆಯ ಹಂಪನ್ನು ಅವನು ಓರೆಯಾಗಿ, ಒಂದು ಚಕ್ರವಾದ ಮೇಲೆ ಇನ್ನೊಂದು ಚಕ್ರವನ್ನಿಟ್ಟು ದಾಟಿಸಿದನು. ವಿಶಾಲವಾದ ರಸ್ತೆಗೆ ಬಂದ ಮೇಲೆ ಒಮ್ಮೆ, ಮುಂದೆ ಹಿಂದೆ ನೋಡಿಕೊಂಡು, ಪೂರ್ತಿಯಾಗಿ ಒತ್ತಿದನು. ಬೆನ್ನು ಆಸನಕ್ಕೆ ಅಂಟಿಕೊಂಡಿತು. ಆ ಮೇಲೆ ಕಾಲನ್ನು ತೆಗೆದು, ಹಲ್ಲು ಬಿಟ್ಟು ನಕ್ಕನು. ಅಷ್ಟನ್ನೂ ಮಾಡದಿದ್ದರೆ ಅವನು ಈ ಕಾರನ್ನು ಏತಕ್ಕೆ ಕೊಳ್ಳಬೇಕು?

ಅವನ ಕೈಯಲ್ಲಿದ್ದುದು ಮೂರು ಲಕ್ಷ. ಸಹಕಾರ ಸಂಘದಿಂದ ಎರಡು ಲಕ್ಷ ಇಪ್ಪತ್ತು ಸಾವಿರ ದೊರೆಯುವಂತಿದ್ದಿತು. ಒಟ್ಟು ಐದು ಲಕ್ಷ ಇಪ್ಪತ್ತು ಸಾವಿರ. ಅದಕ್ಕಿಂತ ಹೆಚ್ಚಾಗದೆಂದು ಹೆಂಡತಿಯ ಮುಖ ನೋಡಿಯೇ ತಿಳಿಯಿತು. ನಾನು ಒಳಕ್ಕೆ ಹೋಗಿ ನಮ್ಮ ಮನೆಯವರನ್ನು ಕೇಳಿದೆನು. "ಸುಣ್ಣಬಣ್ಣ ಬರುವ ವರ್ಷ" ಎಂದರು.

ಉಳಿದುದು ಕಾಗದಗಳ ಕೆಲಸ. ಬಾಕಿ ದಂಡಗಳೇನೂ ಇಲ್ಲವೆಂದು ನೋಡಿದ್ದಾಯಿತು. ಹಣವು ಬ್ಯಾಂಕಿನ ಮೂಲಕ ಬಂದು ಸೇರಿದ ಮೇಲೆ, ಹಸ್ತಾಂತರದ ದಿನಾಂಕವನ್ನಲ್ಲದೆ ಗಂಟೆಯನ್ನೂ ಬರೆದು ಇಬ್ಬರೂ ರುಜುಹಾಕಿದೆವು. ಆ ಗಂಟೆಗೆ ಮೊದಲು ಕ್ಯಾಮೆರಾ ಹಿಡಿದ ತಪ್ಪು ನನ್ನದು, ಆ ಮೇಲಿನದು ಅವನದು. 29 ಮತ್ತು 30ನೆಯ ನಮೂನೆಗಳಲ್ಲಿ ಒಂದು ಗೆರೆಯನ್ನೂ ಖಾಲಿ ಬಿಡಲಿಲ್ಲ. ವಾಹನ್ ಜಾಲದಲ್ಲಿ ಅರ್ಜಿ ತುಂಬಿ, ವಿಮೆಯ ಪತ್ರ, ಎಮಿಷನ್ ಪತ್ರಗಳನ್ನು ಸೇರಿಸಿ ಯಲಹಂಕದ ಕಚೇರಿಗೆ ಅವನ ಜೊತೆಯಲ್ಲಿ ನಾನೇ ಹೋದೆನು. ಸಾದಹಳ್ಳಿಯ ಸುಂಕದ ಕಟ್ಟೆಯಲ್ಲಿ ನನ್ನ ಲೆಕ್ಕದಿಂದ ಹಣ ಹೋಗುತ್ತಲೇ ಇರಬಾರದೆಂದು ಗಾಜಿನ ಮೇಲಿನ ಫಾಸ್ಟ್ಯಾಗನ್ನು ಕಿತ್ತು, ಅದರ ಖಾತೆಯನ್ನು ಮುಚ್ಚಿಸಿದೆನು. ಇದನ್ನು ಮರೆಯುವವರು ಬಹು ಮಂದಿ. ಹದಿನಾಲ್ಕು ದಿನಗಳೊಳಗಾಗಿ ವಿಮೆಯನ್ನು ಅವನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ಎರಡು ಸಲ ಹೇಳಿದೆನು. ಅವನ ಹೆಂಡತಿ ಅದನ್ನು ದೂರವಾಣಿಯಲ್ಲಿ ಗುರುತುಹಾಕಿಕೊಂಡಳು.

ಕಾರು ಹೊರಟ ಸಂಜೆ ಅತ್ತೆಯವರು ಕೋಲೂರಿಕೊಂಡು ಗೇಟಿನವರೆಗೆ ಬಂದು, ಮಗುವಿನ ಕೈಗೆ ಒಂದು ಬಾಳೆಯ ಹಣ್ಣನ್ನು ಕೊಟ್ಟರು. ಚೇಳಿನ ಮೇಲೆ ಹಿಂದಿನ ಆಯುಧಪೂಜೆಯ ಕುಂಕುಮ ಇನ್ನೂ ಗೀರಿನಲ್ಲಿ ಉಳಿದಿದ್ದಿತು. ಅದನ್ನು ಒರಸಬೇಕೆಂದು ನಾನು ಬಟ್ಟೆ ತೆಗೆದುಕೊಂಡಾಗ ಆ ಯುವಕನು, "ಇರಲಿ ಬಿಡಿ ಅಮ್ಮ" ಎಂದನು.

ಮೂರು ವಾರದ ಮೇಲೆ ಹೆಸರು ಬದಲಾಗಿದೆಯೆಂದು ಇಲಾಖೆಯಿಂದ ಸಂದೇಶ ಬಂದಿತು. ಅದನ್ನು ಅಚ್ಚುಹಾಕಿಸಿ ಇಟ್ಟಿದ್ದೇನೆ. ಅದರ ಜೊತೆಯಲ್ಲಿ ವಿಮೆಯವರು ಕೊಟ್ಟ ಇನ್ನೊಂದು ಕಾಗದವೂ ಇದೆ. ವರ್ಷಗಟ್ಟಲೆ ಪರಿಹಾರವನ್ನು ಕೇಳದವರಿಗೆ ದೊರೆಯುವ ರಿಯಾಯಿತಿ ಶೇಕಡ ಐವತ್ತರವರೆಗೆ ಏರುತ್ತದೆ. ಅದು ಕಾರಿಗೆ ಸೇರಿದುದಲ್ಲ, ಒಡೆಯರಿಗೆ ಸೇರಿದುದು. ಮಾರುವಾಗ ಕೇಳಿ ಪಡೆದುಕೊಳ್ಳಬೇಕು. ಮೂರು ವರ್ಷದೊಳಗೆ ಇನ್ನೊಂದು ಕಾರನ್ನು ಕೊಂಡರೆ ಮಾತ್ರ ಅದು ಸಲ್ಲುತ್ತದೆ. ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಕಾರು ನಡೆಸುವ ವಿಚಾರವನ್ನು ಕೇಳಿದಾಗ ವೈದ್ಯರು ಆರು ತಿಂಗಳು ತಾಳಬೇಕೆಂದರು. ಕ್ಲಚ್ಚಿಲ್ಲದ ಕಾರುಗಳ ಬೆಲೆಪಟ್ಟಿಯನ್ನು ನಮ್ಮ ಮನೆಯವರೇ ತಂದು ನನ್ನ ಹಾಸಿಗೆಯ ಪಕ್ಕದಲ್ಲಿ ಇಟ್ಟಿದ್ದಾರೆ.